ಕೈ ಕಟ್ಟಿದ ಫೋಟೊ

ಕೆಲಸಕ್ಕೆಂದು ತೆಲುಗು ನಾಡಿಗೆ ಬಂದು, ಮಣಿಕೊಂಡದ ಬಾಡಿಗೆ ಮನೆಯಲ್ಲಿ ಅವ್ವನ ಜೊತೆ ಇದ್ದಾಗ ನನಗೆ ಇಂಟರ್‌ನೆಟ್ಟಿನಲ್ಲಿ ಹೆಸರು ಮಾಡುವ ಹುಚ್ಚು ಹಿಡಿಯಿತು. ಸಾಫ್ಟ್‌ವೇರ್ ಆಫೀಸಿನಲ್ಲಿ ಎಲ್ಲರೂ ‘ಪರ್ಸನಲ್ ಬ್ರ್ಯಾಂಡ್’ ಕಟ್ಟುತ್ತಿದ್ದರು. ನಾನೊಬ್ಬ ಏಕೆ ಸುಮ್ಮನಿರಲಿ? ಹಿಮಾಯತ್‌ನಗರದ ಸ್ಟುಡಿಯೊದಲ್ಲಿ ಅವರದೇ ಕೋಟು ತೊಟ್ಟು, ಎದೆಯ ಮೇಲೆ ಕೈ ಕಟ್ಟಿ, ಗಂಭೀರವಾಗಿ ಫೋಟೊ ತೆಗೆಸಿದೆ. ಕೆಳಗೆ ‘ತಂತ್ರಜ್ಞಾನ ಸಲಹೆಗಾರ. ಏನು ಬೇಕಾದರೂ ಕೇಳಿ’ ಎಂದು ಬರೆದು ನೆಟ್ಟಿಗೆ ಹಾಕಿದೆ.

ಅದನ್ನು ನೋಡಿ ಅವ್ವನಿಗೆ ಗಾಬರಿ. “ಯಾಕಪಾ, ಹಿಂಗ ಕೈ ಕಟ್ಟಿ ನಿಂತೀ? ಸಾಹೇಬ್ರು ಬೈದ್ರೇನು?”

“ಅದು ಆತ್ಮವಿಶ್ವಾಸ ಅವ್ವಾ!” ಎಂದು ರೇಗಿದೆ.

“ನಮ್ಮ ಸಾಲ್ಯಾಗ ಮಾಸ್ತರ ಮುಂದ ಹಂಗ ನಿಂದ್ರತಿದ್ವಿ,” ಎಂದವಳು, ನಾನು ರೊಟ್ಟಿ ತಿನ್ನುವಾಗ ನನ್ನದೇ ಮೊಬೈಲಿನಲ್ಲಿ ಫೋಟೊ ಹೊಡೆದಳು. “ಇದನ್ನ ಹಾಕು. ನಗಾಕತ್ತಿ ನೋಡು.”

ಸಿಟ್ಟಿನಲ್ಲೇ ಫೋಟೊ ಬದಲಿಸಿದೆ.

ಮರುವಾರ ಆಫೀಸಿನ ಲಿಫ್ಟಿನಲ್ಲಿ ಅಪರಿಚಿತರೊಬ್ಬರು ನನ್ನನ್ನೇ ದಿಟ್ಟಿಸಿದರು. “ರೊಟ್ಟಿ ತಿನ್ನೂ ಫೋಟೊದಾಗ ಇರೋರು ನೀವ ಏನ್ರಿ?”

ಕೈ ಕಟ್ಟಿ, ಗಂಭೀರನಾಗಿ ಹೌದೆಂದೆ.

“ಏನ ಬೇಕಾದ್ರೂ ಕೇಳ್ರಿ ಅಂತ ಬರದೀರಿ. ಇಲ್ಲೆ ಛಲೋ ಜೋಳದ ಹಿಟ್ಟು ಎಲ್ಲಿ ಸಿಗತೈತ್ರಿ?”

ಬ್ರ್ಯಾಂಡು ಕಟ್ಟಿದ ಅಷ್ಟೂ ದಿನಗಳಲ್ಲಿ ನನ್ನಿಂದ ಯಾರಾದರೂ ಪಡೆದ ಸಲಹೆ ಅದೊಂದೇ. ಗಿರಣಿಯ ದಾರಿ ತೋರಿಸಲು ನನ್ನ ಕೈಗಳು ತಾವಾಗಿಯೇ ಬಿಚ್ಚಿಕೊಂಡಿದ್ದವು.