ತೆ ತುಂಬಿದ ಬೆಳಗು

ಪಟ್.

ಒದ್ದೆ ಅಂಗೈ ಒದ್ದೆ ಮೈಗೆ ತಾಗಿದ ಸದ್ದು. ಯೊಸು ಬಂದರಿನ ಹಿಂದಿನ ಏರು ಓಣಿಯಲ್ಲಿ, ಸ್ನಾನದ ಮನೆಯ ಗಾಳಿಕಿಂಡಿಯಿಂದ ಹಬೆಯ ಜೊತೆ ಅದೂ ಹೊರಗೆ ಬರುತ್ತಿತ್ತು. ಒಂದು ಸಲ ಪಟ್ ಎಂದರೆ ಮಗ್ಗುಲು ತಿರುಗು ಎಂದರ್ಥ. ಮತ್ತೊಂದು ಪಟ್‌ಗೆ ಬೋರಲಾಗಬೇಕು. ಕೊನೆಗೆ ಪಟ್ ಪಟ್ ಎಂದು ಎರಡು ಸಲ ಕೇಳಿದರೆ ಮುಗಿಯಿತು, ಎದ್ದು ಹೋಗು. ಓಣಿಯ ತುದಿಯಲ್ಲಿ ಮೂಲಂಗಿ ಮಾರುವವಳು ಆ ಜೋಡಿ ಸದ್ದು ಕೇಳಿದ ಕೂಡಲೇ ಟವೆಲು ಹೆಗಲಿಗೆಸೆದು ಏಳುತ್ತಿದ್ದಳು. ಮುಂದಿನ ಸರದಿ ಅವಳದು.

ಸದ್ದು ಮಾಡುವ ಕೈ ಪಿಲ್ನಾಮಳದು. ಐವತ್ತೆಂಟು ವರ್ಷದ ಗಟ್ಟಿ ಹೆಂಗಸು. ಹೆಂಗಸರ ಸ್ನಾನದ ಮನೆಯಲ್ಲಿ ಮೂವತ್ತೊಂದು ವರ್ಷದಿಂದ ಅವಳದೊಂದೇ ಕೆಲಸ: ಬಿಸಿನೀರಿನಲ್ಲಿ ನೆನೆದು ಬಂದ ಮೈಗಳನ್ನು ಎತ್ತರದ ಮಂಚದ ಮೇಲೆ ಮಲಗಿಸಿ, ಹಸಿರು ಒರಟು ಬಟ್ಟೆಯ ಕೈಗವಸು ಹಾಕಿಕೊಂಡು ಉಜ್ಜುವುದು. ಮೈಯ ಮಣ್ಣು ಶಾವಿಗೆ ಎಳೆಗಳಂತೆ ಉರುಳಿ ಬೀಳುತ್ತಿತ್ತು. ಬಾಯ್ಲರಿನ ಬೆನ್ನಿಗಂಟಿದ ಕೋಣೆಯಲ್ಲೇ ಅವಳ ವಾಸ. ಚಳಿಗಾಲದಲ್ಲಿ ಅದು ಸ್ವರ್ಗ, ಬೇಸಿಗೆಯಲ್ಲಿ ಆ ಇನ್ನೊಂದು ಜಾಗ ಎನ್ನುತ್ತಿದ್ದಳು.

ಉಜ್ಜುವಾಗ ಅವಳಷ್ಟು ಮೆದು ಇನ್ನೊಬ್ಬರಿಲ್ಲ. ಆದರೆ ಬಿಸಿನೀರಿನ ದೊಡ್ಡ ತೊಟ್ಟಿಯ ವಿಷಯಕ್ಕೆ ಬಂದರೆ ಪೊಲೀಸಿನವಳು. ಮೈ ತೊಳೆಯದೆ ಯಾರೂ ತೊಟ್ಟಿಗೆ ಇಳಿಯಕೂಡದು.

"ಏಯ್, ಮೊದ್ಲು ಸೋಪು! ಅದೇನು ಎಲ್ಲಾರೂ ಸೇರಿ ಸಾರು ಮಾಡೋಕೆ ಇಳೀತಿದೀರಾ?"

ತೊಟ್ಟಿಯ ಗೋಡೆಯಾಚೆಗೆ ಒಂದು ಪುಟ್ಟ ಚರ್ಚು. ಬೆಳಗಿನ ಐದಕ್ಕೆ ಅಲ್ಲಿ ಪ್ರಾರ್ಥನೆ. ಎಲ್ಲರೂ ಒಟ್ಟಿಗೆ, ತಮ್ಮ ತಮ್ಮ ಕಷ್ಟವನ್ನು ತಾವು ಕೂಗಿ ಹೇಳಿಕೊಳ್ಳುತ್ತಿದ್ದರು. ಹೊಸದಾಗಿ ಈ ಓಣಿಗೆ ಬಂದಾಗ ಪಿಲ್ನಾಮ್ ಅದನ್ನು ಮೀನಿನ ಹರಾಜು ಎಂದುಕೊಂಡಿದ್ದಳಂತೆ.

ಆ ಚರ್ಚಿನ ಹಿರಿಯಳು ಮೋಕ್ ಅಜ್ಜಿ. ಎಂಬತ್ತೊಂದು ವರ್ಷ, ಎಂಟೇ ಹಲ್ಲು, ನಾಲಿಗೆಗೆ ಮಾತ್ರ ವಯಸ್ಸಾಗಿರಲಿಲ್ಲ. ಗುರುವಾರ ಗುರುವಾರ ಪಿಲ್ನಾಮಳ ಮಂಚದ ಮೇಲೆ ಮಲಗಿ, ಮೈಮೇಲೆ ಒಂದು ನೂಲೆಳೆಯೂ ಇಲ್ಲದೆ, ಅಜ್ಜಿ ಸುವಾರ್ತೆ ಸಾರುತ್ತಿದ್ದಳು.

"ಈ ವರ್ಷನಾದ್ರೂ ಬಾರೇ."

"ಅಜ್ಜಿ, ಕೈ ಎತ್ತಿ."

"ಎತ್ತಿದೀನಿ. ಬರ್ತೀಯಾ?"

"ಈಗ ಆ ಕಡೆ ಕೈ."

"ಈಸ್ಟರಿಗೆ ದೀಕ್ಷಾಸ್ನಾನ ಕೊಡ್ತಾರೆ. ಮೊದ್ಲು ಪಾಠಕ್ಕೆ ನಿನ್ನ ಹೆಸ್ರು ಬರೆಸ್ಲಾ?"

"ತೆ ಬಂದಾಗ ಬರ್ತೀನಿ ಬಿಡಿ."

"ತೆ ನಿನ್ನ ಕೈಯಲ್ಲೇ ಉರುಳ್ತಾ ಇದೆಯಲ್ಲೇ!"

ಆ ಊರಿನವರ ಮಾತಿನಲ್ಲಿ ತೆ ಎಂದರೆ ಹೊತ್ತು, ಕಾಲ. ಮೈಯ ಮಣ್ಣಿಗೂ ಅದೇ ಮಾತು. ಇಬ್ಬರೂ ಈ ಹಳೆಯ ನಗೆಯನ್ನು ಪ್ರತಿ ವಾರ ಹೊಸದೆಂಬಂತೆ ನಗುತ್ತಿದ್ದರು. ಅಲ್ಲಿಗೆ ಮಾತು ಮುಗಿಯುತ್ತಿತ್ತು. ಪಟ್.

ಆದರೆ ಒಂದು ಚಳಿಗಾಲದ ಗುರುವಾರ ನಗು ಬರಲಿಲ್ಲ. ಅಜ್ಜಿಯ ಬೆನ್ನ ಮೇಲೆ ಪಿಲ್ನಾಮಳ ಕೈ ನಿಂತುಬಿಟ್ಟಿತು. ಮುದುಕಿಯ ಬೆನ್ನೆಲುಬು ಒಂದೊಂದಾಗಿ ಎದ್ದು ಕಾಣುತ್ತಿತ್ತು. ಗಂಡ ಕಾಪ್ಸುವಿನ ಬೆನ್ನೂ ಕೊನೆಗೆ ಹೀಗೇ ಆಗಿತ್ತು.

ಕಾಪ್ಸು ಮೀನುದೋಣಿಯವನು. ಎದೆಯ ರೋಗ ಹಿಡಿದು ಆ ಬೆಚ್ಚನೆಯ ಕೋಣೆಯಲ್ಲಿ ಏಳು ತಿಂಗಳು ಮಲಗಿದ್ದ. ಸುಗ್ಗಿ ಹಬ್ಬದ ಹಿಂದಿನ ದಿನ ಊರಿಗೆ ಊರೇ ಸ್ನಾನಕ್ಕೆ ಬರುತ್ತದೆ. ಅಂದು ಪಿಲ್ನಾಮ್ ಹತ್ತೊಂಬತ್ತು ಬೆನ್ನು ಉಜ್ಜಿ ಬಂದು ಗೋಡೆಗೊರಗಿ ಕೂತಿದ್ದಳು. ಕಾಪ್ಸು ಮೆಲ್ಲಗೆ, "ನನ್ನ ಬೆನ್ನೂ ಒಂಚೂರು ಉಜ್ತೀಯಾ? ಕಡೀತಿದೆ" ಅಂದ. "ಕೈ ಎತ್ತೋಕಾಗಲ್ಲ ಕಣ್ರೀ. ನಾಳೆ" ಅಂದಳು. ಅವನು ಹೂಂ ಎಂದ. ಬೆಳಿಗ್ಗೆ ಏಳಲಿಲ್ಲ.

"ಹನ್ನೊಂದು ವರ್ಷ ಆಯ್ತು ಅಜ್ಜಿ. ಊರಿನ ಬೆನ್ನೆಲ್ಲ ಉಜ್ಜಿದ ಕೈ ಇದು. ಒಂದು ಬೆನ್ನಿಗೆ ನಾಳೆ ಅಂತು. ಇದನ್ನ ಮೊದ್ಲು ತೊಳ್ಕೋಬೇಕು. ಆಮೇಲೆ ತಾನೇ ನಿಮ್ಮ ತೊಟ್ಟಿಗೆ ಇಳಿಯೋದು?"

ತೊಳೆಯಲು ಅವಳು ಮಾಡದ್ದಿಲ್ಲ. ವರ್ಷವರ್ಷವೂ ಅವನ ತಿಥಿಗೆ ಎಡೆಯಿಟ್ಟು ಹಣೆ ನೆಲಕ್ಕೆ ಹಚ್ಚಿದಳು. ರಾತ್ರಿ ಕುಡಿಯುವ ಒಂದು ಲೋಟ ಸೋಜು ಹೆಂಡವನ್ನು ನೂರು ದಿನ ಬಿಟ್ಟಳು. ಗುಡ್ಡದ ಮೇಲಿನ ದಿಕ್ಕಿಲ್ಲದ ಮುದುಕಿಯರನ್ನು ಕರೆತಂದು ಬಿಟ್ಟಿಯಾಗಿ ಉಜ್ಜಿದಳು. ಆ 'ನಾಳೆ' ಮಾತ್ರ ಎಲ್ಲಿ ಅಂಟಿತ್ತೋ ಅಲ್ಲೇ ಇತ್ತು.

ಅಜ್ಜಿ ಅಂದು ಉಪದೇಶ ಮಾಡಲಿಲ್ಲ. "ಯಾರ್ಗೂ ಹೇಳಲ್ಲ ಕಣೇ" ಎಂದಷ್ಟೇ ಹೇಳಿ, ತಾನಾಗಿಯೇ ಮಗ್ಗುಲು ತಿರುಗಿದಳು.

ಚಳಿ ಕಳೆಯಿತು. ಓಣಿಯ ಗೋಡೆಯಾಚೆ ಕೆಂಪು ಕ್ಯಾಮೆಲಿಯಾ ಹೂವುಗಳು ಇಡಿಯಾಗಿ ಕಳಚಿ ಬೀಳುವ ದಿನಗಳು. ಒಂದು ಬೆಳಗ್ಗೆ ಪಿಲ್ನಾಮ್ ತೊಟ್ಟಿ ತಿಕ್ಕಿ ಮುಗಿಸಿ ನಲ್ಲಿ ತಿರುಗಿಸಿದ್ದಳು. ಗೋಡೆಯಾಚೆಯ ಹರಾಜು ನಿಂತು, ಪಾದ್ರಿಯ ದನಿ ಮೈಕಿನಲ್ಲಿ ತಿಳಿಯಾಗಿ ಕೇಳಿಸಿತು.

"ತೆ ತುಂಬಿದೆ! ಇನ್ನೂ ಯಾಕೆ ಹೊರಗೆ ನಿಂತಿದೀರಿ?"

ಪಿಲ್ನಾಮಳ ಕೈ ನಲ್ಲಿಯ ಮೇಲೇ ಉಳಿಯಿತು. ಆ ಹಬೆಯೊಳಗೆ ತೆ ಎಂಬ ಮಾತಿಗೆ ಎರಡು ಅರ್ಥ ಇರುವುದು ಅವಳಿಗೆ ನೆನಪಾಗಲಿಲ್ಲ. ಮಣ್ಣು ತುಂಬಿದೆ! ಯಾರಿಗೆ? ಗೋಡೆಯ ಈಚೆ ಹೊರಗೆ ನಿಂತವಳು ಇನ್ಯಾರಿದ್ದಾರೆ? ಅಂದರೆ ಮುದುಕಿ ಹೇಳಿಬಿಟ್ಟಿದ್ದಾಳೆ. ಪಾದ್ರಿ ಅದನ್ನು ಮೈಕಿನಲ್ಲಿ ಬಂದರಿಗೆಲ್ಲ ಸಾರುತ್ತಿದ್ದಾನೆ.

ಕೆಲಸದ ಕರಿ ಒಳಉಡುಪಿನ ಮೇಲೆ ಕಾಪ್ಸುವಿನ ಹಳದಿ ಮಳೆಕೋಟು ಏರಿಸಿಕೊಂಡು, ರಬ್ಬರ್ ಚಪ್ಪಲಿಯಲ್ಲೇ ಹೊರಟಳು. ಮೂವತ್ತೊಂದು ವರ್ಷ ಗೋಡೆಯ ಈಚೆಗಿದ್ದವಳು ಚರ್ಚಿನ ಬಾಗಿಲನ್ನು ದಾಟಿದ್ದು ಹೀಗೆ, ಜಗಳಕ್ಕೆ.

ಒಳಗೆ ಇಪ್ಪತ್ತು ಮಂದಿ ಇದ್ದರೇನೋ. ಹೆಚ್ಚಿನವರು ಅವಳ ಮಂಚದ ಮೇಲೆ ಮಲಗಿದವರೇ. ಬಟ್ಟೆ ಹಾಕಿದ್ದರಿಂದ ತಟ್ಟನೆ ಗುರುತು ಸಿಗಲಿಲ್ಲ.

"ಯಾರ ತೆ ತುಂಬಿರೋದು?" ಬಾಗಿಲಲ್ಲೇ ನಿಂತು ಕೂಗಿದಳು.

ತಾಕ್ ಪಾದ್ರಿ ಮೂವತ್ತೆರಡರ ಹುಡುಗ, ಸಣಕಲ, ಈ ಸಭೆಗೆ ಹೊಸಬ. ಬೆಳಗಿನ ಜಾವ ಇಷ್ಟು ಹುರುಪಿನಿಂದ ಯಾರೂ ಅವನಿಗೆ ಮರುಪ್ರಶ್ನೆ ಕೇಳಿರಲಿಲ್ಲ. ಮುಖ ಅರಳಿತು.

"ಎಲ್ಲರದೂ ಅಕ್ಕಾ! ನಿಮ್ಮದೂ!"

"ನೋಡಿದ್ರಾ, ನನ್ನದೂ ಅಂತೆ! ಹೌದು ಸ್ವಾಮಿ, ತುಂಬಿದೆ. ನಮ್ಮನೆಯವರು ಬೆನ್ನು ಉಜ್ಜು ಅಂದ್ರು, ನಾನು ನಾಳೆ ಅಂದೆ. ಅವರಿಗೆ ನಾಳೆ ಇರ್ಲಿಲ್ಲ. ಹನ್ನೊಂದು ವರ್ಷ ಉಜ್ತಾ ಇದೀನಿ, ಹೋಗ್ತಿಲ್ಲ. ಅದನ್ನ ಮೈಕಲ್ಲಿ ಕೂಗ್ಬೇಕಾಗಿತ್ತಾ ನೀವು?"

ಮೈಕು ಇನ್ನೂ ಹಚ್ಚಿಯೇ ಇತ್ತು. ಅವಳ ಮಾತಿನ ಬಾಲ ಬಂದರಿನ ಕಡೆಯಿಂದ ತಿರುಗಿ ಬಂದು ಅವಳ ಕಿವಿಗೇ ಬಿತ್ತು.

ಮುಂದಿನ ಸಾಲಿನಿಂದ ಮೋಕ್ ಅಜ್ಜಿ ತಿರುಗಿ ನೋಡಿದಳು. "ನಾನು ಹೇಳಿಲ್ಲ ಕಣೇ. ಈಗ ಹೇಳಿದ್ದು ನೀನೇ."

"ಅಕ್ಕಾ," ಪಾದ್ರಿ ತೊದಲಿದ, "ನಾನಂದಿದ್ದು... ಹೊತ್ತು. ಹೊತ್ತು ತುಂಬಿದೆ ಅಂತ. ಕಾಲ."

ಹಿಂದಿನಿಂದ ಮೂಲಂಗಿಯವಳು ಕಿಸಕ್ಕೆಂದಳು. ಆಮೇಲೆ ಇನ್ನೊಬ್ಬಳು. ಪ್ರಾರ್ಥನೆಗೆ ಮುಚ್ಚಿದ್ದ ಕಣ್ಣುಗಳನ್ನು ಒರೆಸಿಕೊಳ್ಳುತ್ತ ಇಡೀ ಸಾಲು ನಗತೊಡಗಿತು. ಪಿಲ್ನಾಮಳ ಮುಖ ಬೆಂದ ಏಡಿಯಂತಾಯಿತು. ಕೋಟಿನ ಕುತ್ತಿಗೆ ಹಿಡಿದುಕೊಂಡು ಹಿಂತಿರುಗಿದಳು.

"ನಿಂತ್ಕೊ." ಅಜ್ಜಿ ಮಂಡಿ ಹಿಡಿದು ಏಳುತ್ತಿದ್ದಳು. "ಬಂದಿದ್ದು ಬಂದೆ, ಒಂದು ಹೇಳ್ಬಿಟ್ಟು ಹೋಗು. ನಿನ್ನ ಮಂಚಕ್ಕೆ ತೆ ಇಲ್ದೆ ಬಂದೋರು ಯಾರಾದ್ರೂ ಇದಾರಾ?"

"ಯಾರೂ ಇಲ್ಲ."

"ನಾಚ್ಕೋತಾರಾ?"

"ಎಲ್ಲಾರೂ. ಒಂದು ತಿಂಗಳಾಗ್ಹೋಯ್ತಕ್ಕ, ಬೈಬೇಡ ಅಂತಾರೆ."

"ನೀನೇನಂತೀಯಾ?"

"ತೆ ಇಲ್ದಿದ್ರೆ ನಂಗೇನು ಕೆಲ್ಸ, ಸುಮ್ನೆ ಮಲ್ಕೋ ಅಂತೀ..."

ಮಾತು ಅಲ್ಲೇ ನಿಂತಿತು. ಅದು ದಿನಕ್ಕೆ ಹತ್ತು ಸಲ ಅವಳ ಬಾಯಿಂದ ಬರುವ ಮಾತು. ಅಷ್ಟು ವರ್ಷದಲ್ಲಿ ಒಮ್ಮೆಯೂ ಅವಳ ಕಿವಿಗೆ ಬಿದ್ದಿರಲಿಲ್ಲ. ತೊಟ್ಟಿಯ ಕಟ್ಟಳೆ ಅವಳಿಗೆ ಗೊತ್ತಿತ್ತು, ಮಂಚದ ಕಟ್ಟಳೆಯೂ ಗೊತ್ತಿತ್ತು. ದೇವರೆಂದರೆ ತೊಟ್ಟಿಯ ಕಾವಲಿನವನು ಎಂದೇ ಅವಳು ತಿಳಿದಿದ್ದಳು. ಮಂಚದ ಪಕ್ಕ ಅಂಗಿಯ ತೋಳು ಮೇಲೇರಿಸಿ ನಿಂತು ಕಾಯುವವನೂ ಇರಬಹುದೆಂದು ಯೋಚಿಸಿರಲಿಲ್ಲ. ಎಷ್ಟೇ ಗಟ್ಟಿ ಕೈಯವಳಾದರೂ ತನ್ನ ಬೆನ್ನು ತನಗೆ ಎಟುಕುವುದಿಲ್ಲವಲ್ಲ.

ಪಾದ್ರಿ ಮೈಕು ಆರಿಸಿ ಹತ್ತಿರ ಬಂದ. ಸಣ್ಣ ದನಿಯಲ್ಲಿ ಹೇಳಿದ: "ಹಾಗೇ ಬನ್ನಿ ಅಕ್ಕಾ. ಯೇಸು ಯಾರಿಗೂ ನಾಳೆ ಅಂದೋನಲ್ಲ."

ಪಿಲ್ನಾಮ್ ಕೊನೆಯ ಸಾಲಿನಲ್ಲಿ ಕುಸಿದು ಕೂತಳು. ಮೂಲಂಗಿಯವಳು ತನ್ನ ಶಾಲು ತೆಗೆದು ಅವಳ ಕಾಲಿನ ಮೇಲೆ ಹೊದಿಸಿದಳು. ಯಾರೂ ಹೇಳದೆಯೇ ಎಲ್ಲರೂ ಮತ್ತೆ ಒಟ್ಟಿಗೆ ಪ್ರಾರ್ಥಿಸತೊಡಗಿದರು. ಹರಾಜಿನಂಥ ಆ ಗದ್ದಲದ ಉಪಯೋಗ ಅವಳಿಗೆ ಆಗ ತಿಳಿಯಿತು. ಅದರ ಮರೆಯಲ್ಲಿ ಒಬ್ಬ ಹೆಂಗಸು ಮನಸಾರೆ ಅಳಬಹುದು. ಅವಳು ಅತ್ತಳು. ಏನು ಬೇಡಬೇಕೆಂದು ಗೊತ್ತಿಲ್ಲದೆ, "ನೋಡಪ್ಪಾ, ಇದು" ಎಂದಷ್ಟೇ ಮತ್ತೆ ಮತ್ತೆ ಹೇಳಿದಳು. ಉಜ್ಜಿಸಿಕೊಂಡು ಎದ್ದವರು ಮೈ ಹಗುರ, ಹಗುರ ಎಂದು ಹೇಳುವುದನ್ನು ಎಷ್ಟೋ ಕೇಳಿದ್ದಳು. ಹಾಗೆಂದರೇನೆಂದು ಅಂದು ಅವಳಿಗೆ ಗೊತ್ತಾಯಿತು.

ಹೊರಗೆ ಬಂದಾಗ ಓಣಿಯಲ್ಲಿ ನದಿ ಹರಿಯುತ್ತಿತ್ತು. ಸಿಟ್ಟಿನಲ್ಲಿ ನಲ್ಲಿ ನಿಲ್ಲಿಸುವುದನ್ನೇ ಮರೆತಿದ್ದಳು. ತೊಟ್ಟಿ ತುಂಬಿ, ಹೊಸಿಲು ದಾಟಿ, ಬಿಸಿನೀರು ಹಬೆಯಾಡುತ್ತ ಇಳಿಜಾರಿನಲ್ಲಿ ಬಂದರಿನ ಕಡೆಗೆ ಹೊರಟಿತ್ತು. ಅಂಗಡಿ ಮುಂದಿಟ್ಟಿದ್ದ ಮೂಲಂಗಿಗಳು ತೊಳೆದು ಬೆಳ್ಳಗಾಗಿದ್ದವು. ಸ್ನಾನದ ಮನೆಯ ಯಜಮಾನ ಪ್ಯಾಂಟು ಮಡಚಿಕೊಂಡು ಬಾಯಿಗೆ ಬಂದದ್ದನ್ನೆಲ್ಲ ಬಯ್ಯುತ್ತಿದ್ದ. ಪಿಲ್ನಾಮ್ ನೀರಿನ ನಡುವೆ ನಿಂತು ನಕ್ಕಳು. ಅವನು ಬಯ್ಯುವುದನ್ನು ನಿಲ್ಲಿಸಿ, ಇವಳಿಗೆ ಏನಾಯಿತು ಎಂದು ನೋಡಿದ.

ಒಂದು ವರ್ಷ ಪಾಠವಾಯಿತು. ಅಕ್ಷರಕ್ಕಿಂತ ಹಾಡು ಬೇಗ ಬಂತು. ಮರುವರ್ಷದ ಈಸ್ಟರ್ ಭಾನುವಾರ, ಸಾಲವಾಗಿ ತಂದ ಬಿಳಿ ರೇಷ್ಮೆ ಉಡುಪಿನಲ್ಲಿ ಅವಳು ಮುಂದಿನ ಸಾಲಿನಲ್ಲಿದ್ದಳು. ಉಡುಪು ತೋಳಿಗೆ ಬಿಗಿ. ಊರನ್ನೆಲ್ಲ ಉಜ್ಜಿದ ತೋಳು, ಹೊಲಿಗೆ ಏನು ಮಾಡೀತು?

"ಬಾಂಗ್ ಪಿಲ್ನಾಮ್."

ಬಾಂಗ್ ಮನೆತನದ್ದು; ಪಿಲ್ನಾಮ್, ಐದನೆಯ ಹೆಣ್ಣು ಹುಟ್ಟಿದಾಗ ಅಪ್ಪ ಇಟ್ಟ ಹೆಸರು. ಮುಂದಿನದಾದರೂ ಗಂಡಾಗಲಿ ಎಂಬ ಅರ್ಥ. ಕೂಗುವುದು ಅವಳನ್ನು, ಬಯಸುವುದು ಇನ್ನೊಬ್ಬರನ್ನು. ಸ್ನಾನದ ಮನೆಯಲ್ಲಿ ಎಲ್ಲರೂ ಉಜ್ಜೋ ಅಕ್ಕ ಎಂದೇ ಕರೆದಿದ್ದರಿಂದ ಆ ಹೆಸರು ಕೇಳಿ ಯಾವ ಕಾಲವಾಗಿತ್ತೋ. ಅಂದು ಅದನ್ನು ದೇವರ ಮುಂದೆ ಕೂಗಿದರು. ಹಿಂದೆ ಮುಂದೆ ನೋಡಿದಳು. ಬೇರೆ ಯಾರೂ ಏಳಲಿಲ್ಲ. ಅವಳನ್ನೇ ಕರೆದದ್ದು.

"ನೀವು ಪಾಪಿ ಅಂತ ಒಪ್ಪಿಕೊಳ್ತೀರಾ?" ಪಾದ್ರಿ ಕೇಳಿದ.

"ಹೋದ ವರ್ಷ ಮೈಕಲ್ಲೇ ಹೇಳಿದೀನಲ್ಲ."

ಹಿರಿಯರು ಕೆಮ್ಮಿ ನಗು ನುಂಗಿದರು.

"ಯೇಸು ನಿಮ್ಮನ್ನ ರಕ್ಷಿಸ್ತಾನೆ ಅಂತ ನಂಬ್ತೀರಾ?"

ಇದಕ್ಕೆ ಅವಳು ತಮಾಷೆ ಮಾಡಲಿಲ್ಲ. "ನಂಬ್ತೀನಿ" ಎಂದಳು. ದನಿ ಅರ್ಧಕ್ಕೆ ಮುರಿಯಿತು, ಇನ್ನೊಮ್ಮೆ ಪೂರ್ತಿಯಾಗಿ ಹೇಳಿದಳು.

ಪಾದ್ರಿ ಬೋಗುಣಿಯಲ್ಲಿ ಬೆರಳದ್ದಿ ಅವಳ ನೆತ್ತಿಗೆ ಇಟ್ಟ. ಪಿಲ್ನಾಮ್ ಕಣ್ಣು ಮುಚ್ಚಿ ಕಾದಳು. ಮತ್ತೇನೂ ಬರಲಿಲ್ಲ. ಒಂದು ಕಣ್ಣು ತೆರೆದಳು.

"ಇಷ್ಟೇನಾ?"

ಪಾದ್ರಿ ಬೋಗುಣಿಗೆ ಎರಡೂ ಕೈ ಹಾಕಿದ. ಬೊಗಸೆ ತುಂಬ ಮೊಗೆದು ಸುರಿದೇಬಿಟ್ಟ. ನೀರು ಅವಳ ಮೂಗಿನಿಂದ, ಗಲ್ಲದಿಂದ, ಸಾಲದ ರೇಷ್ಮೆಯ ಮೇಲೆ ಇಳಿಯಿತು. ಈಗ ಸರಿ ಎಂಬಂತೆ ಅವಳು ತಲೆ ತೂಗಿದಳು.

ಹಿತ್ತಲಲ್ಲಿ ಮೋಕ್ ಅಜ್ಜಿ ಬಟ್ಟಲು ಹಿಡಿದು ಕಾದಿದ್ದಳು. ಬಿಸಿಬಿಸಿ ಕಡಲಪಾಚಿಯ ಸಾರು. ಆ ನಾಡಿನಲ್ಲಿ ಹುಟ್ಟುಹಬ್ಬದ ದಿನ ಅದನ್ನು ಉಣ್ಣದವರಿಲ್ಲ.

"ನನ್ನ ಹುಟ್ಟುಹಬ್ಬ ಮಳೆಗಾಲದಲ್ಲಿ ಅಜ್ಜಿ."

"ಅದು ನಿಮ್ಮಪ್ಪನ ಲೆಕ್ಕ. ಉಣ್ಣು."

ಪಿಲ್ನಾಮ್ ನಿಂತೇ ಎರಡು ಬಟ್ಟಲು ಖಾಲಿ ಮಾಡಿದಳು. ಪಾದ್ರಿ ಕ್ಯಾಮೆರಾ ಹಿಡಿದು, ಎಲ್ಲರೂ ಮೆಟ್ಟಿಲ ಮೇಲೆ ಬನ್ನಿ, ಫೋಟೊ ಎಂದು ಕರೆಯುತ್ತಿದ್ದ. ಅವಳು ಮಾತ್ರ ಉಡುಪಿನ ಅಂಚು ಮೊಣಕಾಲಿಗೆ ಎತ್ತಿ ಕಟ್ಟುತ್ತಿದ್ದಳು.

"ಎಲ್ಲಿಗೇ?" ಎಂದಳು ಅಜ್ಜಿ.

"ಫೋಟೊ ಆಮೇಲೆ. ಏಳು ಜನ ಬೆಳಗ್ಗಿಂದ ತೊಟ್ಟೀಲಿ ನೆನೀತಾ ಕೂತವ್ರೆ, ಬೆರಳೆಲ್ಲ ಒಣದ್ರಾಕ್ಷಿ ಆಗಿರುತ್ತೆ. ಸಾರು ಮುಗಿಸ್ಬೇಡಿ. ಅವರನ್ನೂ ಕರ್ಕೊಂಡ್ಬರ್ತೀನಿ."

"ಬರಲ್ಲ ಅಂದ್ರೆ?"

"ಬರಲ್ಲ ಅನ್ನೋಕೆ ಅವರಿಗೇನು ಗೊತ್ತು ಅಜ್ಜಿ, ನಾನು ಹೋಗಿ ಹೇಳ್ತೀನಿ, ನೋಡ್ರೇ, ಅಲ್ಲಿ ಒಬ್ಬ..." ಎನ್ನುತ್ತ, ತಲೆಯಿಂದ ಇನ್ನೂ ನೀರು ತೊಟ್ಟಿಕ್ಕುತ್ತಿದ್ದ ಪಿಲ್ನಾಮ್ ಎರಡೆರಡು ಮೆಟ್ಟಿಲು ಹಾರಿ, ಓಣಿಯ ಇಳಿಜಾರಿಗೆ ತಿರುಗಿ ಓಡಿದಳು.