ಚೌಡಿಬನದ ಮೇಲೆ ಹಾಯಿದೋಣಿ

ನಾನು ಚಿಕ್ಕವಳಿದ್ದಾಗ ನಮ್ಮೂರ ಬೀದಿಯಲ್ಲಿ ನಡೆದಾಡಿದ್ದೇನೆ. ಒಂಬತ್ತು ವರ್ಷ ತುಂಬುವ ಹೊತ್ತಿಗೆ ಅದೇ ಬೀದಿಯ ಮೇಲೆ ದೋಣಿಯಲ್ಲಿ ಹೋಗಿದ್ದೇನೆ. ರಜೆಗೆ ಬಂದಾಗ ಮೊಮ್ಮಕ್ಕಳಾದ ನೀವು ನರಸಿಂಹರಾಜಪುರದ ಹಿನ್ನೀರಿನಲ್ಲಿ ಆಡುತ್ತೀರಲ್ಲ, ಆ ಹಾಯಿದೋಣಿ ಕ್ಲಬ್ಬು ಆಗಷ್ಟೇ ಶುರುವಾಗಿತ್ತು. ನಾನು ಕಂಡದ್ದನ್ನಷ್ಟೇ ಇಲ್ಲಿ ಬರೆಯುತ್ತೇನೆ.

ಭದ್ರಾ ನದಿಗೆ ಅಣೆಕಟ್ಟು ಕಟ್ಟಿದ ಮೇಲೆ ನೀರು ನಿಧಾನವಾಗಿ ಏರಿ ಊರನ್ನು ಮುಳುಗಿಸಿತು. ನಾವೆಲ್ಲ ದಿಬ್ಬದ ಮೇಲಕ್ಕೆ ಹೋದೆವು. ಅಪ್ಪ ಜನರನ್ನು ಹೊಳೆ ದಾಟಿಸುವ ದೋಣಿ ನಡೆಸುತ್ತಿದ್ದ. ಹೊಳೆ ಸಮುದ್ರದಷ್ಟು ಅಗಲವಾಗಿ ಲಾಂಚು ಬಂದಾಗ ಅವನ ಕೆಲಸ ಹೋಯಿತು. ಅದೇ ಸಮಯಕ್ಕೆ ನಾಲ್ಕೈದು ಎಂಜಿನಿಯರುಗಳು ಸೇರಿ ಕ್ಲಬ್ಬು ಮಾಡಿದರು. ಖಾಲಿ ಡಾಂಬರು ಡ್ರಮ್ಮುಗಳ ಮೇಲೆ ಹಲಗೆ ಹೊಡೆಸಿ, ದೋಣಿ ಕಟ್ಟಲು ತೇಲುವ ಕಟ್ಟೆಯೊಂದನ್ನು ಮಾಡಿಸಿದರು. ಬಿಸಿಲೇರಿದರೆ ಕಟ್ಟೆಯಿಂದ ಡಾಂಬರಿನ ವಾಸನೆ ಏಳುತ್ತಿತ್ತು. ಅಲೆ ಬಡಿದಾಗ ಡ್ರಮ್ಮುಗಳ ಒಳಗಿಂದ ಯಾರೋ ಗೊಣಗಿದ ಹಾಗೆ ಕೇಳುತ್ತಿತ್ತು.

ಕ್ಲಬ್ಬಿಗೆ ಒಬ್ಬ ಕಾಯಂ ದೋಣಿಯವ ಬೇಕಿತ್ತು. ಅಪ್ಪ ಎರಡೇ ತಿಂಗಳಲ್ಲಿ ಹಾಯಿ ಹಿಡಿಯುವುದನ್ನು ಕಲಿತ. ಆದರೆ ಅವನು ಬಯಲು ನೀರಿನಲ್ಲೂ ನೆಟ್ಟಗೆ ಹೋಗುತ್ತಿರಲಿಲ್ಲ. ಕೆಳಗೆ ಮುಳುಗಿದ ಬೀದಿ ಎಲ್ಲೆಲ್ಲಿ ತಿರುಗುತ್ತಿತ್ತೋ ಅಲ್ಲಲ್ಲೇ ದೋಣಿಯನ್ನೂ ತಿರುಗಿಸುತ್ತಿದ್ದ.

“ಏನಯ್ಯ ಇದು, ಹಾವು ಹರಿದ ಹಾಗೆ?” ಎಂದು ಕ್ಲಬ್ಬಿನ ಸೆಕ್ರೆಟರಿ ಕೇಳಿದರು.

“ಅಲ್ಲಿ ಮನೆಗಳಿದಾವೆ ಸ್ವಾಮಿ.”

“ಈಗಿರೋದು ನೀರು ಮಾತ್ರ. ನಾಳೆ ಪಂದ್ಯದಲ್ಲಿ ನೆಟ್ಟಗೆ ಓಡಿಸಿ ತೋರಿಸು, ಕೆಲಸ ನಿಂದು. ಆಗಲ್ಲ ಅಂದ್ರೆ ಬೇರೆಯವರನ್ನ ನೋಡ್ಕೋತೀನಿ.”

ಕೆಲಸ ಸಿಗದಿದ್ದರೆ ಕೊಪ್ಪದ ಕಡೆಯ ಕಾಫಿ ತೋಟಕ್ಕೆ ಕೂಲಿಗೆ ಹೋಗುವುದೆಂದು ಮನೆಯಲ್ಲಿ ತೀರ್ಮಾನವಾಗಿತ್ತು. ಅಮ್ಮ ಪಾತ್ರೆಗಳನ್ನು ಗೋಣಿಚೀಲಕ್ಕೆ ತುಂಬಿ, ಬಾಯಿ ಮಾತ್ರ ಕಟ್ಟದೆ ಇಟ್ಟಿದ್ದಳು.

ಮರುದಿನ ಎರಡು ದೋಣಿಗಳು ನಡುಗಡ್ಡೆಯವರೆಗೆ ಹೋಗಿ ಬರಬೇಕಿತ್ತು. ಸೆಕ್ರೆಟರಿಯ ದೋಣಿಯಲ್ಲಿ ಇಬ್ಬರು ದೊಡ್ಡವರು. ನಮ್ಮದರಲ್ಲಿ ತೂಕ ಸರಿಹೋಗಲೆಂದು ಅಪ್ಪ, ಅಕ್ಕನನ್ನೂ ನನ್ನನ್ನೂ ಕೂರಿಸಿಕೊಂಡ. “ಗದ್ದೆ ಬದು ಹುಡುಕ್ಕೊಂಡು ಹೋಗಬೇಡ ಮಾರಾಯ,” ಎಂದು ದಡದಿಂದ ಪಕ್ಕದ ಮನೆಯವರು ಕೂಗಿದರು. ಜನ ನಕ್ಕರು. ಅಪ್ಪ ತಿರುಗಿ ನೋಡಲಿಲ್ಲ.

ಗಾಳಿ ಚೆನ್ನಾಗಿತ್ತು. ಅಪ್ಪ ಹಲ್ಲುಕಚ್ಚಿ ನೆಟ್ಟಗೆ ನಡೆಸಿದ. ನಾವೇ ಮುಂದಿದ್ದೆವು. ಬೇಸಿಗೆಯ ನೀರು ತಿಳಿಯಾಗಿತ್ತು. ಬಗ್ಗಿದರೆ ಹಸಿರು ಬೆಳಕಿನಲ್ಲಿ ಸೂರಿಲ್ಲದ ಕಲ್ಲುಗೋಡೆಗಳು, ಬಾವಿಯ ಕಪ್ಪು ಬಾಯಿ ಕಂಡವು. ಒಂದು ಬಾಗಿಲಿನಿಂದ ಮೀನುಗಳು ಸಾಲಾಗಿ ಹೊರಬಂದವು, ಮನೆಯವರೆಲ್ಲ ಎಲ್ಲಿಗೋ ಹೊರಟ ಹಾಗೆ. ನಮ್ಮ ಮನೆ ಯಾವುದೆಂದು ಹುಡುಕಿದೆ. ಹೆಂಚು ಬಿಚ್ಚಿದ ಮೇಲೆ ಎಲ್ಲ ಮನೆಗಳೂ ಒಂದೇ ತರ ಇದ್ದವು.

“ಅಪ್ಪ, ಚೌಡಿಬನ ಬಂತು,” ಎಂದಳು ಅಕ್ಕ, ಮೆಲ್ಲಗೆ.

ಚೌಡಿ ಊರು ಕಾಯುವ ದೇವತೆ. ಅವಳ ಬನದ ಹತ್ತಿರ ಬಂದರೆ ಚಪ್ಪಲಿ ಕಳಚಿ, ಕೈಯಲ್ಲಿ ಹಿಡಿದು ದಾಟಬೇಕು. ಮುಳುಗಡೆಗೆ ಮುಂಚೆ ಊರಿನ ಮರಗಳನ್ನೆಲ್ಲ ಕಡಿದಿದ್ದರು. ಬನದ ಮರಗಳಿಗೆ ಕೊಡಲಿ ಹಾಕಲು ಮಾತ್ರ ಒಬ್ಬನೂ ಒಪ್ಪಿರಲಿಲ್ಲ. ಅಕ್ಕ ಆಗಲೇ ಚಪ್ಪಲಿಯನ್ನು ಮಡಿಲಲ್ಲಿ ಇಟ್ಟುಕೊಂಡಿದ್ದಳು.

“ಸುಮ್ನಿರೆ ಮಾರಾಯ್ತಿ, ನೀರಿನ ಮೇಲೆ ಎಂತ ಬನ?” ಎಂದ ಅಪ್ಪ. ಆದರೆ ಹಾಗೆನ್ನುವಾಗಲೇ ಅವನ ಕಾಲು ಚಪ್ಪಲಿಯಿಂದ ತಾನಾಗಿ ಹೊರಬಂದಿತ್ತು. ಅದನ್ನು ಕೈಗೆತ್ತಿಕೊಳ್ಳಲು ಬಗ್ಗಿದಾಗ ಹಾಯಿಯ ಹಗ್ಗ ಕೈಬಿಟ್ಟುಹೋಯಿತು. ಹಾಯಿ ಪಟಪಟ ಬಡಿದು ಜೋತುಬಿತ್ತು. ದೋಣಿ ನಿಂತಂತೆಯೇ ಆಯಿತು.

ಆಗ ನನ್ನ ಪಾದದ ಕೆಳಗೆ, ಹಲಗೆಯ ಆಚೆಗೆ, ಯಾರೋ ಉಗುರಿನಿಂದ ಗೀರಿದಂಥ ಸದ್ದು. ದೋಣಿಯ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ, ಬಹಳ ನಿಧಾನ. “ಕೊಂಬೆ,” ಎಂದ ಅಪ್ಪ. ಕೊಂಬೆಯೇ ಇರಬೇಕು. ಆದರೆ ನಮ್ಮಲ್ಲಿ ಯಾರೂ ಬಗ್ಗಿ ನೋಡಲಿಲ್ಲ.

ಸೆಕ್ರೆಟರಿಯ ದೋಣಿ ಪಕ್ಕದಲ್ಲೇ ಹಾದುಹೋಯಿತು. ಅಪ್ಪನ ಕೈಯಲ್ಲಿದ್ದ ಚಪ್ಪಲಿ ನೋಡಿ, “ಯಾಕಯ್ಯ, ಈಜೋಕೆ ಹೊರಟೆಯಾ?” ಎಂದು ಅವರು ನಕ್ಕರು. ಸ್ವಲ್ಪ ಮುಂದೆ ಹೋದದ್ದೇ ಅವರ ಚುಕ್ಕಾಣಿ ನೀರೊಳಗೆ ಏನಕ್ಕೋ ಬಡಿದು ಫಟ್ಟೆಂದು ಮುರಿಯಿತು. ಓಡುತ್ತಿದ್ದ ದೋಣಿ ಮಗುಚಿ ಇಬ್ಬರೂ ನೀರಿಗೆ ಬಿದ್ದರು. ಅಪ್ಪ ಹುಟ್ಟು ಹಾಕಿ ಹೋಗಿ ಇಬ್ಬರನ್ನೂ ನಮ್ಮ ದೋಣಿಗೆ ಎಳೆದುಕೊಂಡ.

ಸೆಕ್ರೆಟರಿ ಬಹಳ ಹೊತ್ತು ಕೆಮ್ಮಿದರು. ಆಮೇಲೆ, “ಇಂಥವು ಇನ್ನೆಷ್ಟಿದಾವೆ?” ಎಂದು ಕೇಳಿದರು.

“ಇಲ್ಲಿ ಏಳು ಮರ. ಬಾಕಿ ಕಡೆ ಗೋಡೆ, ಕಂಬ. ಎಲ್ಲ ಹೇಳ್ತೀನಿ ಸ್ವಾಮಿ.”

ಅವತ್ತು ಮಧ್ಯಾಹ್ನ ಅಪ್ಪ ಕಟ್ಟೆಯ ಹಲಗೆಗಳ ಮೇಲೆ ಇದ್ದಿಲಿನಿಂದ ಇಡೀ ಊರನ್ನು ಬರೆದ. ಬನ, ಬಾವಿ, ಶಾಲೆ, ಕಮ್ಮಾರರ ಮನೆ. ಸೆಕ್ರೆಟರಿ ಒದ್ದೆ ಬಟ್ಟೆಯಲ್ಲೇ ಕೂತು ಕಾಗದಕ್ಕೆ ಇಳಿಸಿಕೊಂಡರು. ಅಪಾಯವಿದ್ದ ಕಡೆಯಲ್ಲೆಲ್ಲ ಕೆಂಪು ಡ್ರಮ್ಮು ತೇಲಿಬಿಟ್ಟರು. ಅಪ್ಪನಿಗೆ ಕೆಲಸ ಕಾಯಂ ಆಯಿತು. ಅಮ್ಮ ಗೋಣಿಯಿಂದ ಪಾತ್ರೆಗಳನ್ನು ಹೊರತೆಗೆದಳು.

ಅಕ್ಕ ಮಾತ್ರ ಹಲಗೆಗಳ ಸುತ್ತ ಎರಡು ಸಲ ನಡೆದು, “ಅಪ್ಪ, ನಮ್ಮನೇನೇ ಬರೀಲಿಲ್ವಲ್ಲ,” ಎಂದಳು.

“ಅದು ಯಾರ ದೋಣಿಗೂ ತಾಗಲ್ಲ,” ಎಂದ ಅಪ್ಪ. ಉಳಿದ ಇದ್ದಿಲನ್ನು ನೀರಿಗೆ ಎಸೆದು ಕೈ ತೊಳೆದುಕೊಂಡ.

ಈಗ ಕ್ಲಬ್ಬಿಗೆ ಸಿಮೆಂಟಿನ ಕಟ್ಟೆಯಿದೆ, ಫೈಬರ್ ದೋಣಿಗಳಿವೆ. ನೀವು ಕಿತ್ತಳೆ ಬಣ್ಣದ ಲೈಫ್ ಜಾಕೆಟ್ ತೊಟ್ಟು, ನಡುಗಡ್ಡೆಗೆ ಎಷ್ಟು ನಿಮಿಷವಾಯಿತೆಂದು ಮೊಬೈಲಿನಲ್ಲಿ ನೋಡುತ್ತೀರಿ. “ಕಮ್ಮಾರರ ಮನೆಯಲ್ಲಿ ಬಲಕ್ಕೆ” ಎಂದು ನೀವು ಕೂಗುವಾಗ ನಿಮ್ಮ ಕಣ್ಣಿಗೆ ಕಾಣುವುದು ಒಂದು ಕೆಂಪು ಡ್ರಮ್ಮು. ನನಗೆ ಕೇಳುವುದು ಕುಲುಮೆಯ ತಿದಿ ಒತ್ತುವ ಸದ್ದು.

ಹೋದ ಬೇಸಿಗೆಯಲ್ಲಿ ನನ್ನನ್ನೂ ಕರೆದುಕೊಂಡು ಹೋದಿರಿ. ಬಾವಿಗೂ ಶಾಲೆಗೂ ನಡುವೆ, ಯಾವ ಗುರುತೂ ಇಲ್ಲದ ಕಡೆ, ಸ್ವಲ್ಪ ಹೊತ್ತು ಸುಮ್ಮನಿರಿ ಎಂದೆ. ಯಾಕಜ್ಜಿ ಎಂದು ಬಗ್ಗಿ ನೋಡಿದಿರಿ, ಏನೂ ಇಲ್ಲವಲ್ಲ ಎಂದಿರಿ. ಬಿಸಿಲು ನೆತ್ತಿಯ ಮೇಲಿತ್ತು. ನಮ್ಮ ದೋಣಿಯ ನೆರಳು ಆ ಹೊತ್ತಿಗೆ ನಮ್ಮ ಅಂಗಳವನ್ನು ದಾಟುತ್ತಿತ್ತು.