ಎದುರುಮನೆಗೆ ಹೇಳಿದ ಥ್ಯಾಂಕ್ಸು

ಮರಳೂರಿನ ಉಮಾಮಹೇಶ್ವರಿಗೆ ನಲವತ್ತೊಂದನೇ ವಯಸ್ಸಿನಲ್ಲಿ ಚೀನೀ ಭಾಷೆಯ ಹುಚ್ಚು ಹಿಡಿಸಿದ್ದು ಒಂದು ಮಷೀನು. ಗುಬ್ಬಿ ಹತ್ತಿರದ ತೆಂಗಿನ ನಾರಿನ ಫ್ಯಾಕ್ಟರಿಯಲ್ಲಿ ಅವಳು ಸೂಪರ್‌ವೈಸರ್. ಓನರ್ ಗುರುಪ್ರಕಾಶ್ ಚೀನಾದಿಂದ ತರಿಸಿದ ಆ ಮಷೀನು ವಾರಕ್ಕೊಮ್ಮೆ ಮುನಿಸಿಕೊಂಡು ನಿಲ್ಲುತ್ತಿತ್ತು. ಜೊತೆಗೆ ಬಂದ ಪುಸ್ತಕ ನೋಡೋಣವೆಂದರೆ ಅಕ್ಷರಗಳೆಲ್ಲ ರಂಗೋಲಿ. ಗಂಡಸರು ಮಷೀನಿಗೆ ಒದ್ದು ನೋಡಿದರು. ಉಮಾ ಆನ್‌ಲೈನ್ ಕ್ಲಾಸಿಗೆ ಸೇರಿದಳು. ಎರಡು ವರ್ಷ ಗುಬ್ಬಿ ಬಸ್ಸಿನಲ್ಲಿ ಹೋಗುತ್ತ ಬರುತ್ತ ಇಯರ್‌ಫೋನ್ ಹಾಕಿಕೊಂಡು ಚೀನೀ ಗೊಣಗಿದಳು. ಪಕ್ಕದವರು ಯಾವುದೋ ಮಂತ್ರವೆಂದುಕೊಂಡು ಗೌರವದಿಂದ ಸರಿದು ಕೂರುತ್ತಿದ್ದರು.

ಕೊನೆಗೆ ಗುರುಪ್ರಕಾಶ್, "ಮೇಡಂ, ಮಷೀನ್ ಮಾಡೋ ಊರಿಗೇ ಹೋಗಿ ಮೂರ್ ತಿಂಗ್ಳು ಟ್ರೈನಿಂಗ್ ಮುಗಿಸ್ಕೊಂಡ್ ಬಂದ್ಬಿಡಿ" ಎಂದ. ಗಂಡ ರವೀಶ್ ಸೂಟ್‌ಕೇಸಿಗೆ ಎರಡು ಕೆಜಿ ಚಟ್ನಿಪುಡಿ ತುಂಬಿದ. ಹೆಬ್ಬೂರಿನಿಂದ ಅವ್ವ ಫೋನ್ ಮಾಡಿ, "ಪರದೇಶ ಕಣೇ, ಮರ್ಯಾದೆಯಿಂದ ನಡ್ಕೊ. ನಮ್ಮನೇಲಿ ಆಡ್ದಂಗೆ ಅಲ್ಲಿ ಆಡ್ಬೇಡ" ಎಂದು ತಾಕೀತು ಮಾಡಿದಳು. ಮುಂದಿನ ಎಡವಟ್ಟಿಗೆಲ್ಲ ಈ ಬುದ್ಧಿವಾದವೇ ಮೂಲ.

ಚೀನಾದ ಆ ಪುಟ್ಟ ಪಟ್ಟಣದಲ್ಲಿ ಉಮಾಳ ರೂಮಿನ ಎದುರುಮನೆಯಲ್ಲಿ ಲಿನ್ ಅಮ್ಮ ಎಂಬ ಎಪ್ಪತ್ತರ ಹೆಂಗಸು ಒಬ್ಬಳೇ ಇದ್ದಳು. ಉಮಾ ಲಿಂಗಾಯತರವಳು, ಮಾಂಸ ಮುಟ್ಟುವುದಿಲ್ಲ. ಮೊದಲ ವಾರ ಅನ್ನ ಚಟ್ನಿಪುಡಿಯಲ್ಲೇ ಕಳೆಯಿತು. ಅದನ್ನು ಕಂಡ ಲಿನ್ ಅಮ್ಮ ಮಾಂಸ ಸೋಕದ ಹೊಸ ಬಾಣಲೆಯನ್ನೇ ಬೇರೆ ಇಟ್ಟು, ದಿನಾ ಸಂಜೆ ಸೊಪ್ಪು ಬಾಡಿಸಿ ಬಟ್ಟಲು ತುಂಬ ತಂದುಕೊಡತೊಡಗಿದಳು. ಜೊತೆಗೆ ಒಂದು ಗಂಟೆ ಹರಟೆ: ಮಂಡಿನೋವು, ಅಳಿಯನ ಸೋಮಾರಿತನ, ಪಾರ್ಕಿನಲ್ಲಿ ಕುಣಿಯುವ ಹೆಂಗಸರ ಜಗಳ. ಎರಡು ವರ್ಷಕ್ಕೆ ಬಾರದ ಭಾಷೆ ಮೂರು ವಾರಕ್ಕೆ ನಾಲಿಗೆಗೆ ಹತ್ತಿತು. ಆ ಇಡೀ ಊರಿನಲ್ಲಿ ಉಮಾಳಿಗೆ 'ನನ್ನವರು' ಅನ್ನಿಸಿದ್ದು ಅವಳೊಬ್ಬಳೇ.

ಆದರೂ ಉಮಾ ಮರ್ಯಾದೆ ಬಿಡಲಿಲ್ಲ. ಬಟ್ಟಲು ಬಂದಾಗ ಒಂದು 'ಶಿಯೆಶಿಯೆ', ಎಂದರೆ ಥ್ಯಾಂಕ್ಸು. ಬಿಸಿನೀರು ಕೊಟ್ಟರೆ ಇನ್ನೊಂದು, ಬಾಗಿಲು ತೆಗೆದರೆ ಮತ್ತೊಂದು. "ಇದಕ್ಕೆಲ್ಲ ಯಾಕೆ ಥ್ಯಾಂಕ್ಸು?" ಎಂದು ಲಿನ್ ಅಮ್ಮ ದಿನಾ ಕೇಳುತ್ತಿದ್ದಳು. ಪಾಠದಲ್ಲೂ ಥ್ಯಾಂಕ್ಸಿಗೆ ಅದೇ ಉತ್ತರವಿದ್ದುದರಿಂದ ಉಮಾ ಅದನ್ನು ಬಾಯಿಮಾತೆಂದೇ ತಿಳಿದಳು. ಐದನೇ ವಾರ, ಋಣ ಉಳಿಸಿಕೊಳ್ಳಬಾರದೆಂದು ಒಂದು ದೊಡ್ಡ ಹಣ್ಣಿನ ಬಾಕ್ಸಿಗೆ ರಿಬ್ಬನ್ ಕಟ್ಟಿಸಿ, ತಲೆ ಬಾಗಿಸಿ ಕೊಟ್ಟಳು. ಲಿನ್ ಅಮ್ಮನ ಮುಖ ಇಳಿದುಹೋಯಿತು. ಮರುದಿನ ಅಷ್ಟೇ ದೊಡ್ಡ ಬಿಸ್ಕತ್ತಿನ ಬಾಕ್ಸು ಬಂತು. ಬಟ್ಟಲು ಬರಲಿಲ್ಲ.

ಹೀಗೇ ಎರಡು ವಾರ. ಎದುರಾದರೆ ಸಣ್ಣ ನಗು, ಆಮೇಲೆ ಮುಚ್ಚಿದ ಬಾಗಿಲು. "ಏನ್ ತಪ್ಪು ಮಾಡ್ದೆ ಅಂತ್ಲೇ ಗೊತ್ತಾಗ್ತಿಲ್ಲ ಕಣ್ರೀ" ಎಂದು ಉಮಾ ಫೋನಿನಲ್ಲಿ ಗಂಡನ ಮುಂದೆ ಅತ್ತಳು. "ಇನ್ನೊಂದ್ಸಲ ಥ್ಯಾಂಕ್ಸ್ ಹೇಳ್ ನೋಡು" ಎಂದ ರವೀಶ್. ಗಂಡಂದಿರ ಸಲಹೆ ಇಷ್ಟೇ.

ಒಂದು ಭಾನುವಾರ ಲಿನ್ ಅಮ್ಮನ ಮಗಳು ಬಂದಳು. ತೆರೆದ ಬಾಗಿಲಿನಿಂದ ಉಮಾಳಿಗೆ ಎಲ್ಲ ಕಾಣುತ್ತಿತ್ತು. ಮಗಳು ನೇರ ಅಡುಗೆಮನೆಗೆ ನುಗ್ಗಿ, ಬಾಣಲೆಗೇ ಕೈ ಹಾಕಿ ತಿಂದು, ಬೈಸಿಕೊಂಡು, ಬಾಯಿ ಒರೆಸಿಕೊಳ್ಳುತ್ತ ಸೋಫಾದ ಮೇಲೆ ಬಿದ್ದುಕೊಂಡಳು. ಥ್ಯಾಂಕ್ಸಿನ ಸೊಲ್ಲೇ ಇಲ್ಲ. ಬೈಯುತ್ತಿದ್ದ ಲಿನ್ ಅಮ್ಮನ ಮುಖದಲ್ಲಿ ಮಾತ್ರ ಹಬ್ಬ.

ಉಮಾಳಿಗೆ ಕಪಾಳಕ್ಕೆ ಹೊಡೆದಂತಾಯಿತು. ಚಿಕ್ಕಂದಿನಿಂದ ಅವ್ವನ ಕೈಯ ಮುದ್ದೆ ಉಂಡವಳು ಒಂದು ದಿನವಾದರೂ ಅವ್ವನಿಗೆ ಥ್ಯಾಂಕ್ಸ್ ಅಂದಿದ್ದಳೇ? ಅಂದಿದ್ದರೆ ಅವ್ವ, "ಯಾಕೇ, ನಾನೇನ್ ಹೊರಗಿನೋಳಾ?" ಎಂದು ಮೂರು ದಿನ ಮಾತು ಬಿಡುತ್ತಿದ್ದಳು. ತನಗಾಗಿ ಬಾಣಲೆಯನ್ನೇ ಬೇರೆ ಇಟ್ಟವಳನ್ನು ತಾನು ದಿನಕ್ಕೆ ಹತ್ತು ಸಲ ಹೊರಗಿನವಳಾಗಿಸಿದ್ದಳು, ಅದೂ ರಿಬ್ಬನ್ ಸಮೇತ. ನಾಚಿಕೆಯಿಂದ ಅವಳಿಗೆ ಆ ದಿನ ಅನ್ನ ಇಳಿಯಲಿಲ್ಲ.

ಮರುದಿನ ಸಂಜೆ ಉಮಾ ಎದುರುಮನೆಯ ಬಾಗಿಲು ತಳ್ಳಿಕೊಂಡು ಒಳಗೆ ಹೋಗಿ, ಅಡುಗೆಮನೆಯಲ್ಲೇ ನಿಂತು, "ಹಸಿವಾಗಿದೆ. ಏನು ಮಾಡಿದ್ದೀಯ?" ಎಂದು ಚೀನೀಯಲ್ಲಿ ಕೇಳಿದಳು. ಲಿನ್ ಅಮ್ಮ ದಿಟ್ಟಿಸಿ ನೋಡಿ, ಆ ಬೇರೆ ಬಾಣಲೆಯನ್ನು ಒಲೆಗೇರಿಸಿದಳು.

ಬಟ್ಟಲು ಕೈಗೆ ಬಂತು. ನಾಲಿಗೆಯ ತುದಿಗೆ ಬಂದ ಮಾತನ್ನು ಉಮಾ ಸೊಪ್ಪಿನ ಜೊತೆಗೇ ಅಗಿದು ನುಂಗಿದಳು. ಆಮೇಲೆ, "ಉಪ್ಪು ಕಮ್ಮಿ" ಎಂದಳು.

ಲಿನ್ ಅಮ್ಮ ಸೌಟು ಹಿಡಿದುಕೊಂಡೇ ತಿರುಗಿದಳು. ಅವಳು ಬೈದದ್ದು ಚೀನೀ ಭಾಷೆಯಲ್ಲೇ. ಉಮಾಳ ಕಿವಿಗೆ ಬಿದ್ದದ್ದು ಮಾತ್ರ ಅಪ್ಪಟ ಹೆಬ್ಬೂರಿನ ಕನ್ನಡ: "ಎರಡ್ ವಾರ ಎಲ್ಲೇ ಹಾಳಾಗ್ ಹೋಗಿದ್ದೆ? ಮೈ ನೋಡ್ಕೊ, ಕಡ್ಡಿ ಆಗಿದೀಯ. ಉಪ್ಪು ಅಲ್ಲೇ ಐತೆ, ಕಣ್ ಕಾಣಲ್ವಾ? ಹಾಕ್ಕೊ!"

ಉಮಾ ಡಬ್ಬಿಗೆ ಕೈ ಹಾಕಿದಳು. ಕಣ್ಣು ತುಂಬಿದ್ದರಿಂದ ಉಪ್ಪು ಜಾಸ್ತಿಯೇ ಬಿತ್ತು. ಒಂದೆಳೆ ಸೊಪ್ಪೂ ಬಿಡದೆ ತಿಂದು, ಎಂಜಲು ಬಟ್ಟಲನ್ನು ಸಿಂಕಿನಲ್ಲಿ ಹಾಗೇ ಬಿಟ್ಟು ತನ್ನ ರೂಮಿಗೆ ಬಂದಳು.